ಕರುಳಿನ ಬ್ಯಾಕ್ಟೀರಿಯಾ ಪರೀಕ್ಷೆಯ ಹೋಂ ಕಿಟ್: ಉರಿಯೂತ ಇರುವವರಿಗೆ ಎಷ್ಟು ಉಪಯೋಗ?

ಮಲದ ಮಾದರಿ ಕಳಿಸಿದರೆ ಬರುವ ವರದಿ ನೋಡಲು ಚೆಂದ. ಆದರೆ ಕರುಳಿನ ಉರಿಯೂತ ಇರುವವರು ಅದನ್ನು ಎಚ್ಚರಿಕೆಯಿಂದ ಓದಬೇಕು.

ಆರೋಗ್ಯವಂತ ದೊಡ್ಡ ಕರುಳಿನ ಒಳಪದರದ ಕೋಶಗಳು, ಬ್ಯಾಕ್ಟೀರಿಯಾ ನಾರಿನಂಶದಿಂದ ತಯಾರಿಸುವ ಕೊಬ್ಬಿನಾಮ್ಲವಾದ ಬ್ಯುಟಿರೇಟ್‌ನಿಂದ ಶಕ್ತಿ ಪಡೆಯುವಾಗ ಆಮ್ಲಜನಕವನ್ನು ಬಳಸಿಬಿಡುತ್ತವೆ. ಉರಿಯೂತವಾದಾಗ ಆಮ್ಲಜನಕ ಕರುಳಿನೊಳಕ್ಕೆ ಸೋರುತ್ತದೆ, ನೈಟ್ರೇಟ್ ಕೂಡ ಹೆಚ್ಚುತ್ತದೆ. ಇವೆರಡನ್ನೂ ಉಸಿರಾಟಕ್ಕೆ ಬಳಸಬಲ್ಲ ಇ. ಕೋಲೈ ಬಳಗ ಹಬ್ಬುತ್ತದೆ. ಬ್ಯುಟಿರೇಟ್ ತಯಾರಿಸುವ, ಆಮ್ಲಜನಕ ಸಹಿಸದ ಫೀಕ್ಯಾಲಿಬ್ಯಾಕ್ಟೀರಿಯಂನಂಥವು ಕುಗ್ಗುತ್ತವೆ. ಬ್ಯುಟಿರೇಟ್ ಕಡಿಮೆಯಾದಷ್ಟೂ ಆಮ್ಲಜನಕ ಇನ್ನಷ್ಟು ಉಳಿಯುತ್ತದೆ. ಹಾಗಾಗಿ ‘ಕೆಟ್ಟ ಬ್ಯಾಕ್ಟೀರಿಯಾ ಹೆಚ್ಚು’ ಎಂಬುದು ಕಾಯಿಲೆಯ ಪರಿಣಾಮವೂ ಆಗಿರಬಹುದು. ಇದನ್ನು ಹೇಳದೆ ನೇರ ಪ್ರೋಬಯಾಟಿಕ್ ಸೂಚಿಸುವ ವರದಿಯನ್ನು ನಂಬಬೇಡಿ.

ಕೊಳವೆಯಲ್ಲಿ ಸಂರಕ್ಷಕ ದ್ರವ ಇಲ್ಲದ ಕಿಟ್ ಬೇಡವೇ ಬೇಡ. ಬೆಚ್ಚಗಿನ ವಾತಾವರಣದಲ್ಲಿ ದಾರಿಯಲ್ಲೇ ಇ. ಕೋಲೈ ಬೆಳೆದು, ಹೊಟ್ಟೆಯಲ್ಲಿ ಇಲ್ಲದ ಏರುಪೇರು ವರದಿಯಲ್ಲಿ ಕಾಣಬಹುದು. ದ್ರವವಿದ್ದರೂ ಮಾದರಿ ಪೂರ್ತಿ ಬೆರೆಯುವವರೆಗೆ ಕುಲುಕಬೇಕು. ಅಂಕಿಗಳು ಶೇಕಡಾವಾರು ಎಂಬುದೂ ನೆನಪಿರಲಿ: ಒಂದು ಗುಂಪು ಕುಸಿದರೆ ಇನ್ನೊಂದು ಬೆಳೆಯದೆಯೂ ಹೆಚ್ಚಾದಂತೆ ತೋರುತ್ತದೆ.

ಉರಿಯೂತ ಇದೆಯೇ ಎಂದು ತಿಳಿಯಲು ಮಲದಲ್ಲಿರುವ, ಬಿಳಿ ರಕ್ತಕಣಗಳಿಂದ ಬರುವ ಪ್ರೋಟೀನ್ ಆದ ಕ್ಯಾಲ್‌ಪ್ರೊಟೆಕ್ಟಿನ್ ಪರೀಕ್ಷೆಯೇ ವಾಸಿ. ವಯಸ್ಕರಲ್ಲಿ ಗ್ರಾಂಗೆ 50 ಮೈಕ್ರೋಗ್ರಾಂ ಒಳಗಿದ್ದರೆ ಸಾಮಾನ್ಯ. 250 ದಾಟಿದರೆ ಸಕ್ರಿಯ ಉರಿಯೂತದ ಸಾಧ್ಯತೆ ಹೆಚ್ಚು, ವೈದ್ಯರಿಗೆ ತೋರಿಸಿ. ಐಬುಪ್ರೊಫೆನ್‌ನಂಥ ನೋವಿನ ಮಾತ್ರೆಗಳೂ ಇದನ್ನು ಏರಿಸಬಲ್ಲವು, ತೆಗೆದುಕೊಳ್ಳುತ್ತಿದ್ದರೆ ಮೊದಲೇ ತಿಳಿಸಿ.