ಮೆಲ್ಟ್‌ಡೌನ್ ಹೊತ್ತಿಗೆ ಯಾವುದು ಒದಗುತ್ತದೆ: ಇಯರ್‌ಮಫ್, ಕೌದಿ, ಹುರುಳಿ ಚೀಲ, ಟೈಮರ್, ಕಾರ್ಡು

ಸದ್ದು, ಬೆಳಕು, ಗಡಿಬಿಡಿ ತಾಳಲಾರದೆ ಆಟಿಸಂ ಇರುವ ಮಗು ತನ್ನ ಮೇಲಿನ ಹಿಡಿತವನ್ನೇ ಕಳೆದುಕೊಳ್ಳುವುದು ಮೆಲ್ಟ್‌ಡೌನ್. ಅದು ಜೋರಾಗಿರುವಾಗ ಕೆಲಸಕ್ಕೆ ಬರುವ ಸಾಮಾನು ತೀರಾ ಕಡಿಮೆ. ‘ಸೆನ್ಸರಿ ಕಿಟ್’ (ಕಿವಿ, ಕಣ್ಣು, ಮೈಗೆ ಹಿತ ಕೊಡುವ ಸಾಮಾನಿನ ಕಟ್ಟು) ಅಂತ ಮಾರುವುದೆಲ್ಲ ಮಾತ್ರ ಆ ಹೊತ್ತಿನ ಹೆಸರು ಹೇಳಿಕೊಂಡೇ. ಹಠಕ್ಕೆ ಕೂತ ಮಗು ಕೇಳಿದ್ದು ಸಿಕ್ಕರೆ ಎದ್ದು ಹೋಗುತ್ತದೆ, ನೋಡುವವರು ಯಾರೂ ಇಲ್ಲ ಅಂತ ಗೊತ್ತಾದರೆ ದನಿ ತಗ್ಗಿಸುತ್ತದೆ. ಮೆಲ್ಟ್‌ಡೌನ್ ಕೇಳಿದ್ದನ್ನು ಕೈಗಿಟ್ಟರೂ ನಿಲ್ಲುವುದಿಲ್ಲ. ಹಾಗಾಗಿ ಕೆಳಗಿನ ಸಾಮಾನುಗಳನ್ನು ಮೂರು ಹೊತ್ತಿನಲ್ಲಿ ಬಳಸಿ ಹೋಲಿಸಿದ್ದೇವೆ: ಸುಳಿವು ಕಾಣುವಾಗ (ಕಿವಿ ಮುಚ್ಚಿಕೊಳ್ಳುವುದು, ಒಂದೇ ಮಾತನ್ನು ಮತ್ತೆ ಮತ್ತೆ ಆಡುವುದು, ಶತಪಥ ಹಾಕುವುದು), ಜೋರಾಗಿರುವಾಗ, ಇಳಿದ ಮೇಲೆ. ಸುಳಿವಿನ ಹೊತ್ತಿಗೆ ಒದಗಿದ್ದಕ್ಕೇ ಹೆಚ್ಚು ಅಂಕ.

ಕಿವಿಗೆ

ಇಲ್ಲೊಂದು ಕಡೆ ದುಡ್ಡು ಉಳಿಸಬೇಡಿ. ಹತ್ತಿ, ಫೋಮ್ ಪ್ಲಗ್, ನಾಯ್ಸ್ ಕ್ಯಾನ್ಸಲಿಂಗ್ ಹೆಡ್‌ಫೋನ್, ಇಯರ್‌ಮಫ್ ನಾಲ್ಕರಲ್ಲಿ ಇಡೀ ಕಿವಿ ಮುಚ್ಚುವ, ಮಕ್ಕಳ ಅಳತೆಯ ಇಯರ್‌ಮಫ್ಫೇ ಮುಂದೆ. ಹತ್ತಿ ಸದ್ದನ್ನು ಅಷ್ಟಾಗಿ ತಡೆಯುವುದಿಲ್ಲ, ಎಳೆ ಒಳಗೇ ಉಳಿಯುವುದು ಬೇರೆ. ಫೋಮ್ ಪ್ಲಗ್ ಡಬ್ಬಿಯ ಮೇಲೆ ಸದ್ದು ತಡೆಯುವ ಅಳತೆಯ ದೊಡ್ಡ ಅಂಕಿಯೇ ಇರುತ್ತದೆ. ಆದರೆ ಅದನ್ನು ಬತ್ತಿಯ ಹಾಗೆ ಹೊಸೆದು, ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ತೂರಿಸಿ, ಅರಳುವ ತನಕ 20–30 ಸೆಕೆಂಡು ಬೆರಳಲ್ಲಿ ಒತ್ತಿ ಹಿಡಿದರೆ ಮಾತ್ರ ಆ ಅಂಕಿ ನಿಜ. ಮುಟ್ಟಿಸಿಕೊಳ್ಳಲು ಒಲ್ಲದ ಮಗು ಅಷ್ಟು ಹೊತ್ತು ಕಿವಿ ಕೊಡುವುದಿಲ್ಲ. ಸಿಕ್ಕಿದ್ದನ್ನು ಬಾಯಿಗೆ ಹಾಕಿಕೊಳ್ಳುವ ಮಗುವಾದರೆ ಪ್ಲಗ್ ಮನೆಯೊಳಗೇ ಬೇಡ.

ನಾಯ್ಸ್ ಕ್ಯಾನ್ಸಲಿಂಗ್ ಹೆಡ್‌ಫೋನ್ ಬಸ್ ಇಂಜಿನ್, ಜನರೇಟರ್, ಏಸಿಯಂಥ ಒಂದೇ ಸಮನೆ ಗುಂಯ್‌ಗುಡುವ ತಗ್ಗು ಸದ್ದಿಗೆ ಒಳ್ಳೆಯದು. ದೂರದ ಬಸ್ ಪ್ರಯಾಣಕ್ಕೆ ಇದೇ ವಾಸಿ. ಕುಕ್ಕರ್ ಸೀಟಿ, ನಾಯಿ ಬೊಗಳು, ಪಕ್ಕದ ಮನೆ ಕೂಸಿನ ಅಳುವಿನಂಥ ದಿಢೀರ್ ಸದ್ದು, ಏರುದನಿಗಳ ಮುಂದೆ ಅದರ ಆಟ ನಡೆಯುವುದಿಲ್ಲ. ಚಾರ್ಜ್ ಮುಗಿದರಂತೂ ಅದು ಬರೀ ಭಾರದ ಟೋಪಿ.

ಇಯರ್‌ಮಫ್‌ಗೆ ಚಾರ್ಜು ಬೇಡ. ಡಬ್ಬಿಯ ಮೇಲೆ ಎನ್‌ಆರ್‌ಆರ್ ಅಥವಾ ಎಸ್‌ಎನ್‌ಆರ್ (ಎಷ್ಟು ಡೆಸಿಬಲ್ ಸದ್ದು ತಡೆಯುತ್ತದೆ ಎಂಬ ಅಳತೆ) ಅಂತ 20ರಿಂದ 27ರ ನಡುವಿನ ಅಂಕಿ ಇದೆಯೇ ನೋಡಿ. ಅಂಕಿಯೇ ಇಲ್ಲದ್ದು ಆಟದ ಸಾಮಾನು. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ದೊಡ್ಡವರ ಮಫ್ ಅಗ್ಗ, ಆದರೆ ಐದಾರು ವರ್ಷದ ಮಗುವಿನ ತಲೆಗೆ ಅದು ಜಾರಿ ಕಿವಿಹಾಲೆಯ ಕೆಳಗೆ ಸಂದು ಬಿಡುತ್ತದೆ. ಹಾಕಿದ ಮೇಲೆ ಆ ಜಾಗದಲ್ಲಿ ಕಿರುಬೆರಳು ಸಲೀಸಾಗಿ ಹೋದರೆ ಸದ್ದೂ ಒಳಗೆ ಹೋಗುತ್ತದೆ. ಕನ್ನಡಕದ ಕಡ್ಡಿ, ಕಿವಿಯ ಮೇಲೆ ಬರುವ ಜಡೆ ಕೂಡ ಇದೇ ತೊಂದರೆ ಮಾಡುತ್ತವೆ. ಹೊಸದು ಬಿಗಿಯಾಗಿ ಹಿಡಿಯುತ್ತದೆ ಅನಿಸಿದರೆ ಮಗುವಿನ ತಲೆಗಿಂತ ತುಸುವೇ ಅಗಲದ ಪುಸ್ತಕದ ಕಟ್ಟಿಗೆ ಒಂದು ರಾತ್ರಿ ತೊಡಿಸಿಡಿ. ಅದಕ್ಕಿಂತ ಹೆಚ್ಚು ಹಿಗ್ಗಿಸಿದರೆ ಮತ್ತೆ ಸಂದು.

ಜೋರಾಗಿರುವಾಗ ಮೊದಲ ಸಲ ತೊಡಿಸಲು ಹೋದರೆ ಅದು ಗೋಡೆಗೆ ಬೀಳುತ್ತದೆ. ಮನೆ ಶಾಂತವಾಗಿರುವಾಗ ಇಷ್ಟದ ವಿಡಿಯೋ ಜತೆ ದಿನಕ್ಕೆ ಎರಡು ನಿಮಿಷದಿಂದ ಶುರುಮಾಡಿ. ಇಡೀ ದಿನ ಹಾಕಿಬಿಡುವುದೂ ಬೇಡ, ಸಾಮಾನ್ಯ ಸದ್ದೂ ಆಮೇಲೆ ಚುಚ್ಚತೊಡಗುತ್ತದೆ.

ಮಫ್‌ಗೂ ಮಿತಿ ಉಂಟು. ನಮ್ಮ ಕಾನೂನಿನಲ್ಲಿ ಪಟಾಕಿ ಸಿಡಿದ ಜಾಗದಿಂದ 4 ಮೀಟರ್ ದೂರದಲ್ಲಿ 125 ಡೆಸಿಬಲ್ ಮೀರುವಂತಿಲ್ಲ. ಮಫ್ ಪೂರ್ತಿ 25 ತಡೆದರೂ 100 ಉಳಿಯಿತು! ಬಯಲಲ್ಲಿ ದೂರ ಎರಡು ಪಟ್ಟಾದಂತೆಲ್ಲ ಸುಮಾರು 6 ಡೆಸಿಬಲ್ ಇಳಿಯುತ್ತದೆ. 4 ಮೀಟರಿಂದ 32 ಮೀಟರಿಗೆ ಸರಿದರೆ 18. ದೀಪಾವಳಿಗೆ ಮಫ್ ಜತೆಗೆ ಹಿಂಬದಿಯ ಕೋಣೆಯೂ ಬೇಕು. ಗಣಪತಿ ಮೆರವಣಿಗೆಯ ಡಿಜೆ ಎದೆಗೇ ಬಡಿಯುವುದರಿಂದ ಅಲ್ಲಿ ಯಾವ ಮಫ್ಫೂ ಸಾಲದು, ಬೀದಿ ಬದಲಿಸಬೇಕು.

ಕುಕ್ಕರ್‌ಗೆ ಮಫ್‌ಗಿಂತ ಅಗ್ಗದ್ದೊಂದಿದೆ: ಫ್ರಿಜ್ ಬಾಗಿಲಿಗೆ ಮೂರು ಅಯಸ್ಕಾಂತದ ಬಿಲ್ಲೆ. ಒಂದು ಸೀಟಿಗೆ ಒಂದು ಬಿಲ್ಲೆಯನ್ನು ಮಗುವೇ ತೆಗೆದು ಡಬ್ಬಿಗೆ ಹಾಕಲಿ. ಸದ್ದು ಅಷ್ಟೇ ಇರುತ್ತದೆ, ಇನ್ನೆಷ್ಟು ಬಾಕಿ ಅಂತ ಕಣ್ಣಿಗೆ ಕಾಣುತ್ತದೆ. ಇಷ್ಟಕ್ಕೇ ಸುಮಾರು ಮಕ್ಕಳು ಅಡುಗೆಮನೆಯಲ್ಲಿ ನಿಲ್ಲುತ್ತಾರೆ.

ಮೈಗೆ ಭಾರ

ಮೈಮೇಲೆ ಒಂದೇ ಸಮನಾದ ಒತ್ತಡ ಬಿದ್ದರೆ ಹಲವು ಮಕ್ಕಳು ತಣ್ಣಗಾಗುತ್ತಾರೆ. ಆಟಿಸಂ ಇರುವ ಅಮೆರಿಕದ ಪ್ರಾಣಿವಿಜ್ಞಾನಿ ಟೆಂಪಲ್ ಗ್ರಾಂಡಿನ್ ದನಗಳನ್ನು ಹಿಡಿದಿಡುವ ಚೌಕಟ್ಟು ನೋಡಿ ಹದಿಹರೆಯದಲ್ಲೇ ತಮಗೊಂದು ‘ಅಪ್ಪುಗೆ ಯಂತ್ರ’ ಮಾಡಿಕೊಂಡಿದ್ದರು. ನಮ್ಮ ಹೋಲಿಕೆಗೆ ಬಂದದ್ದು ಮೂರು: ಅಂಗಡಿಯ ವೇಟೆಡ್ ಬ್ಲಾಂಕೆಟ್ (ಒಳಗೆ ಭಾರ ತುಂಬಿದ ಹೊದಿಕೆ), ಮನೆಯ ಕೌದಿ, ಹುರುಳಿ ಚೀಲ.

ವೇಟೆಡ್ ಬ್ಲಾಂಕೆಟ್‌ಗೆ ರೂಢಿಯ ಲೆಕ್ಕ ಮಗುವಿನ ತೂಕದ ಹತ್ತರಲ್ಲೊಂದು ಪಾಲು. 20 ಕೆಜಿಗೆ 2 ಕೆಜಿ. ಒಳಗಿನ ಗಾಜಿನ ಮಣಿ ಚೌಕ ಚೌಕ ಹೊಲಿಗೆಯಲ್ಲಿ ಕೂತಿರುತ್ತದೆ. ಒಂದು ಗೆರೆ ಬಿಚ್ಚಿದರೆ ಮಣಿಯೆಲ್ಲ ಒಂದೇ ಕಡೆ ಸೇರಿ, ಕಾಲಿಗೆ ಕಲ್ಲು ಕಟ್ಟಿದ ಹಾಗೆ. ಕಲಬುರಗಿ, ಬಳ್ಳಾರಿ ಕಡೆ ಮಾರ್ಚಿಂದ ಮೇ ತನಕ ಅದನ್ನು ಹೊದೆಸುವ ಮಾತೇ ಇಲ್ಲ. ಮಲೆನಾಡಿನ ಮಳೆಗಾಲದಲ್ಲಿ ಒಗೆದರೆ ದಿನಗಟ್ಟಲೆ ಒಣಗದು. ರಾತ್ರಿಯಿಡೀ ಚೆನ್ನಾಗಿ ಮಲಗಿಸುತ್ತದೆ ಅನ್ನುವ ಮಾತಿಗೂ ಹೆಚ್ಚು ಆಧಾರವಿಲ್ಲ. ಬ್ರಿಟನ್ನಿನಲ್ಲಿ ಆಟಿಸಂ ಇರುವ 67 ಮಕ್ಕಳ ಮೇಲೆ ನಡೆದ, 2014ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ನಿದ್ದೆಯ ಅವಧಿ ಹೆಚ್ಚಲಿಲ್ಲ. ಮಕ್ಕಳಿಗೂ ಹೆತ್ತವರಿಗೂ ಆ ಹೊದಿಕೆ ಇಷ್ಟವಾಯಿತು, ಅಷ್ಟೇ.

ಹಳೆ ಸೀರೆಗಳನ್ನು ಪದರ ಪದರ ಇಟ್ಟು ಹೊಲಿದ ಕೌದಿ ಇದ್ದರೆ ಮೊದಲು ಅದನ್ನೇ ಪರೀಕ್ಷಿಸಿ. ಕೌದಿ ಹಿಡಿದು ತೂಕದ ಯಂತ್ರದ ಮೇಲೆ ನಿಂತು, ಆಮೇಲೆ ಬರಿಗೈಲಿ ನಿಂತು ವ್ಯತ್ಯಾಸ ತೆಗೆಯಿರಿ. ಬಿಚ್ಚಿ ಹೊದೆಸಿದರೆ ಅರ್ಧ ತೂಕ ಹಾಸಿಗೆಯ ಪಾಲು. ನಾಲ್ಕು ಮಡಿಕೆ ಮಾಡಿ ತೊಡೆಯ ಮೇಲಿಟ್ಟರೆ ಪೂರ್ತಿ ತೂಕ ಕೂರುತ್ತದೆ. ಒಗೆದು ಒಗೆದು ನುಣುಪಾದ ಹತ್ತಿ, ಲೇಬಲ್ ಚುಚ್ಚುವುದಿಲ್ಲ, ಅಮ್ಮನ ಸೀರೆಯ ವಾಸನೆ ಬೇರೆ. ಕಂಬಳಿ ಇಷ್ಟೇ ತೂಗಿದರೂ ಅದರ ಚುರುಚುರು ಈ ಮಕ್ಕಳಿಗೆ ಆಗಿಬರುವುದಿಲ್ಲ.

ಹುರುಳಿ ಚೀಲ ತೊಡೆಯ ಮೇಲಿಡಲು. ದೊಡ್ಡವರ ಹಳೆ ಜೀನ್ಸಿನ ಕಾಲನ್ನು 40 ಸೆಂಟಿಮೀಟರ್ ಉದ್ದ ಕತ್ತರಿಸಿ ಒಂದು ತುದಿ ಹೊಲಿಯಿರಿ. ಅರ್ಧರ್ಧ ಕೆಜಿಯ ಎರಡು ಒಳಚೀಲ ಮಾಡಿ, ಬಾಯಿಗೆ ಎರಡು ಸಾಲು ಹೊಲಿಗೆ ಹಾಕಿ. ಒಂದನ್ನು ಜೀನ್ಸಿನ ಕಾಲಿನೊಳಗೆ ತೂರಿಸಿ, ನಡುವೆ ಅಡ್ಡಲಾಗಿ ಒಂದು ಗೆರೆ ಹೊಲಿದು, ಇನ್ನೊಂದನ್ನೂ ತೂರಿಸಿ ಉಳಿದ ತುದಿ ಹೊಲಿಯಿರಿ. ಒಂದೇ ಚೀಲವಾದರೆ ಕಾಳೆಲ್ಲ ಒಂದು ತೊಡೆಗೆ ಜಾರಿ ಧೊಪ್ಪನೆ ಬೀಳುತ್ತದೆ. ತುಂಬುವ ಮೊದಲು ಕಾಳನ್ನು ಚೆನ್ನಾಗಿ ಬಿಸಿಲಿಗೆ ಹಾಕದಿದ್ದರೆ ಹುಳು ಖಂಡಿತ, ಹಾಕಿದರೂ ಮೂರು–ನಾಲ್ಕು ತಿಂಗಳಿಗೆ ಬದಲಿಸಿ. ಹೊಲಿಗೆ ಕೀಳುವ, ಬಟ್ಟೆ ಜಗಿಯುವ ಮಗುವಿಗೆ ಇದು ಬೇಡವೇ ಬೇಡ. ಮೂಗಿಗೆ ಹೋದ ಕಾಳು ತೇವಕ್ಕೆ ಉಬ್ಬಿಕೊಳ್ಳುತ್ತದೆ, ತೆಗೆಯಲು ಆಸ್ಪತ್ರೆಯೇ ಬೇಕು.

ಮೂರಕ್ಕೂ ಒಂದು ನಿಯಮ: ತಲೆ, ಮುಖ ಮುಚ್ಚಬಾರದು, ಸುತ್ತಿ ಕಟ್ಟಬಾರದು, ಬೇಡವೆನಿಸಿದರೆ ಮಗುವೇ ತಳ್ಳಿ ಏಳುವಂತಿರಬೇಕು. 2008ರಲ್ಲಿ ಕೆನಡಾದ ಕ್ವಿಬೆಕ್‌ನ ಶಾಲೆಯೊಂದರಲ್ಲಿ ಭಾರದ ಹೊದಿಕೆಯಲ್ಲಿ ಸುತ್ತಿಟ್ಟ ಆಟಿಸಂ ಇದ್ದ ಒಂಬತ್ತು ವರ್ಷದ ಹುಡುಗ ತೀರಿಕೊಂಡ. ಕೂಸುಗಳಿಗಂತೂ ಹೊದೆಸಲೇಬೇಡಿ. ಮೂರ್ಛೆರೋಗ ಅಥವಾ ಉಸಿರಾಟದ ತೊಂದರೆ ಇರುವವರಿಗೆ ಡಾಕ್ಟರನ್ನು ಕೇಳದೆ ಹೊದೆಸಬೇಡಿ. ದೊಡ್ಡ ಮಗುವಿಗೆ ಸೀರೆಯ ಜೋಲಿ ಕಟ್ಟಿಕೊಡುವವರಿದ್ದಾರೆ. ಕತ್ತಿಗೆ ಸುತ್ತಿಕೊಳ್ಳುವ ಅಪಾಯವಿದೆ, ಹಲಗೆಯ ಉಯ್ಯಾಲೆಯೇ ಮೇಲು. ಅದಾದರೂ ಫ್ಯಾನಿನ ಕೊಂಡಿಗಲ್ಲ.

ಹೊತ್ತು ತೋರಿಸಲು

‘ಇನ್ನು ಐದೇ ನಿಮಿಷ’ ಅನ್ನುವ ಮಾತು ಈ ಮಕ್ಕಳಿಗೆ ಗಾಳಿಯಲ್ಲಿ ಬರೆದ ಹಾಗೆ. ಮೊಬೈಲ್ ಟೈಮರ್ ಪುಕ್ಕಟೆ, ಆದರೆ ಮಗುವಿಗೆ ಮೊಬೈಲೇ ಬೇಕಾಗುತ್ತದೆ, ಕೊನೆಯ ಅಲಾರಂ ಸದ್ದೇ ಕಿಡಿ ಹಚ್ಚುತ್ತದೆ. ಮರಳು ಗಡಿಯಾರ ಚಂದ, ಆದರೆ ಮಗು ನಡುವೆ ತಿರುಗಿಸಿಬಿಟ್ಟರೆ ಲೆಕ್ಕ ಕೆಟ್ಟಿತು. ಕೆಂಪು ಬಿಲ್ಲೆ ಕರಗುತ್ತಾ ಬರುವ ವಿಷುವಲ್ ಟೈಮರ್ ಎಲ್ಲಕ್ಕಿಂತ ಸ್ಪಷ್ಟ. ಬೆಲೆ ನೋಡಿದರೆ ಎದೆ ಧಸಕ್ ಅನ್ನುತ್ತದೆ. ಟಿಕ್‌ಟಿಕ್ ಇಲ್ಲದ ಗೋಡೆ ಗಡಿಯಾರ ತಂದು ಗಾಜಿನ ಮೇಲೆ ವೈಟ್‌ಬೋರ್ಡ್ ಪೆನ್ನಿನಿಂದ ದೊಡ್ಡ ಮುಳ್ಳು ಈಗಿರುವಲ್ಲಿಂದ ನಿಲ್ಲಬೇಕಾದಲ್ಲಿಯವರೆಗೆ ಬಣ್ಣ ತುಂಬಿ. ಮುಳ್ಳು ಬಣ್ಣ ದಾಟಿದರೆ ಸ್ನಾನ. ಕೆಲಸ ಅದೇ ಆಗುತ್ತದೆ, ಒರೆಸಿದರೆ ಹೋಗುತ್ತದೆ.

ಮಾತು ನಿಂತಾಗ

ಚೆನ್ನಾಗಿ ಮಾತಾಡುವ ಮಗುವಿಗೂ ಆ ಹೊತ್ತಲ್ಲಿ ಮಾತು ಹೊರಡದು. ಐಐಟಿ ಬಾಂಬೆಯಲ್ಲಿ ರೂಪುಗೊಂಡ ಜೆಲ್ಲೋ, ಚೆನ್ನೈನ ಆವಾಜ್‌ನಂಥ, ಚಿತ್ರ ಒತ್ತಿದರೆ ಪದ ನುಡಿಯುವ ಆ್ಯಪ್‌ಗಳು ದಿನದ ಮಾತುಕತೆಗೆ ಚಿತ್ರದ ಕಾರ್ಡುಗಳಿಗಿಂತ ಬಹಳ ಮುಂದೆ, ಪದಗಳ ಲೆಕ್ಕವೇ ಬೇರೆ. ಬಿಕ್ಕಟ್ಟಿನಲ್ಲಿ ಮಾತ್ರ ಪರದೆಯ ಬೆಳಕು, ಒಳಗೊಳಗೆ ಹೋಗುವ ಪುಟ, ಬಿದ್ದರೆ ಒಡೆಯುವ ಗಾಜು. ಅಲ್ಲಿ ನಾಲ್ಕೇ ಕಾರ್ಡು ಇದ್ದರಾಯಿತು: ‘ಸಾಕು’, ‘ನೀರು’, ‘ಸದ್ದು’, ‘ಹೊರಗೆ’. ಆರು ಸೆಂಟಿಮೀಟರ್ ಚೌಕ, ಮೂಲೆ ದುಂಡಗೆ, ಕೀ ರಿಂಗಿಗೆ ಪೋಣಿಸಿದ್ದು. ನೀರಿಗೆ ಇಂಟರ್‌ನೆಟ್ಟಿನ ಚಿತ್ರ ಬೇಡ, ಮನೆಯ ಅದೇ ಸ್ಟೀಲ್ ಲೋಟದ ಫೋಟೋ ಹಾಕಿ. ಹೊಳಪಿನ ಲ್ಯಾಮಿನೇಶನ್ ಟ್ಯೂಬ್‌ಲೈಟಿನಡಿ ಬರೀ ಬಿಳಿ ಕಾಣುತ್ತದೆ, ಮ್ಯಾಟ್ ಕೇಳಿ ಮಾಡಿಸಿ. ಆದರೆ ಆ್ಯಪನ್ನೇ ತನ್ನ ದನಿ ಮಾಡಿಕೊಂಡ ಮಗುವಾದರೆ ಯಾವ ಕಾರಣಕ್ಕೂ ಅದನ್ನು ಕಿತ್ತುಕೊಳ್ಳಬೇಡಿ, ಶಿಕ್ಷೆಗಂತೂ ಅಲ್ಲವೇ ಅಲ್ಲ.

ಜೋರಾಗಿರುವಾಗ

ಇಲ್ಲಿ ಗೆಲ್ಲುವುದು ಲೈಟಿನ ಸ್ವಿಚ್ಚು ಮತ್ತು ಒಂದು ದಿಂಬು. ಲೈಟು, ಟಿವಿ ಆರಿಸಿ, ಬೇರೆಯವರನ್ನು ಹೊರಗೆ ಕಳಿಸಿ. ‘ಎರಡು ಬಿಟ್ಟರೆ ಸರಿಹೋಗ್ತಾನೆ’ ಅನ್ನುವ ನೆಂಟರನ್ನು ಮೊದಲು. ಎದುರಿಗೆ ನಿಲ್ಲದೆ ಪಕ್ಕಕ್ಕೆ, ಒಂದೂವರೆ ಮೀಟರ್ ದೂರ, ನೆಲಕ್ಕೆ ಕೂರಿ. ಮಾತು ಎರಡು ಪದ ಮೀರದಿರಲಿ. ತಲೆ ಚಚ್ಚಿಕೊಂಡರೆ ತಲೆಗೂ ನೆಲಕ್ಕೂ ನಡುವೆ ದಿಂಬು ತೂರಿಸಿ, ಕೈ ಹಿಡಿದು ಜಗ್ಗಬೇಡಿ. ಬೋರಲು ಮಲಗಿಸಿ ಅದುಮಿ ಹಿಡಿಯುವುದು ಉಸಿರು ಕಟ್ಟಿಸುತ್ತದೆ. ಜಗಿಯಲು ಚಕ್ಕುಲಿ, ಕೋಡುಬಳೆ ಸುಳಿವಿನ ಹೊತ್ತಿಗೆ ಒಳ್ಳೆಯ ಉಪಾಯ. ಅಳುವಾಗ ಕೊಟ್ಟರೆ ಗಂಟಲಿಗೆ ಸಿಕ್ಕುತ್ತದೆ.

ಇಳಿದ ಮೇಲೆ ನೀರು, ಮಡಿಸಿದ ಕೌದಿ, ಅರ್ಧ ಗಂಟೆಯಾದರೂ ಮೌನ. ‘ಯಾಕೆ ಹಾಗೆ ಮಾಡಿದೆ’ ಎಂದು ಕೇಳಿದರೆ ಎರಡನೇ ಸುತ್ತು ಶುರು.

ಮೆಲ್ಟ್‌ಡೌನ್ ಯಾವಾಗ, ಹೇಗೆ ಆಯಿತು ಅಂತ ಬರೆದಿಡಲು ಆ್ಯಪ್‌ಗಿಂತ 40 ಪುಟದ ನೋಟ್‌ಬುಕ್ಕೇ ಸಲೀಸು, ಅಜ್ಜಿಯೂ ಬರೆಯಬಹುದು. ದಿನ, ಗಂಟೆ, ಜಾಗ, ಅದಕ್ಕೆ ಮುಂಚಿನ ಅರ್ಧ ಗಂಟೆಯಲ್ಲಿ ಆದದ್ದು, ನಿದ್ದೆ, ಊಟ, ಕಕ್ಕಸಿಗೆ ಹೋಗಿದ್ದು. ಕೊನೆಯ ಕಾಲಂ ಬಿಡಬೇಡಿ. ಮಲಬದ್ಧತೆ, ಹಲ್ಲುನೋವು, ಕಿವಿನೋವನ್ನು ಹೇಳಿಕೊಳ್ಳಲಾರದ ಮಗು ಅದನ್ನು ಮೆಲ್ಟ್‌ಡೌನ್ ಮೂಲಕ ತೋರಿಸಬಹುದು. ವಾರಕ್ಕೊಂದು ಆಗುತ್ತಿದ್ದದ್ದು ಇದ್ದಕ್ಕಿದ್ದಂತೆ ದಿನಕ್ಕೊಂದಾದರೆ ಹೊಸ ಸಾಮಾನು ತರಿಸುವ ಮುಂಚೆ ಮಕ್ಕಳ ಡಾಕ್ಟರಿಗೆ ಹೊಟ್ಟೆ, ಹಲ್ಲು, ಕಿವಿ ಮೂರನ್ನೂ ತೋರಿಸಿ.