ಡಡ್ಲಿಯ ಹಿಂಬೀದಿಯ ಪಬ್: ಹನ್ನೆರಡು ವರ್ಷ ಕೂತವನ ಮಾತು

ಈ ಪಬ್ಬಿನ ಬಗ್ಗೆ ಗಿರಾಕಿಗಳು ಬರೆದಿರುವ ಅಭಿಪ್ರಾಯಗಳನ್ನು ಸಾಲಾಗಿ ಓದಿದರೆ ಇವರೆಲ್ಲ ಒಂದೇ ಜಾಗಕ್ಕೆ ಹೋಗಿ ಬಂದವರೇ ಎಂಬ ಅನುಮಾನ ಬರುತ್ತದೆ. ಒಬ್ಬರಿಗೆ ನೆಲಹಾಸು ಬೂಟಿಗೆ ಅಂಟಿಕೊಂಡಿತು, ಒಂದು ನಕ್ಷತ್ರ. ಇನ್ನೊಬ್ಬರು ಇಷ್ಟು ಒಳ್ಳೆಯ ಮೈಲ್ಡ್ ಬಿಯರನ್ನು ಎಷ್ಟೋ ವರ್ಷಗಳಿಂದ ಕುಡಿದಿರಲಿಲ್ಲವಂತೆ, ಐದು ನಕ್ಷತ್ರ. ಮತ್ತೊಬ್ಬರು ಒಳಗೆ ಕಾಲಿಟ್ಟ ಕೂಡಲೇ ಎಲ್ಲರೂ ತಿರುಗಿ ನೋಡಿದರು ಎಂದು ಬೇಸರಪಟ್ಟಿದ್ದಾರೆ. ಶನಿವಾರ ಸಂಜೆ ಹೋದರೆ ಬಾಗಿಲು ಹಾಕಿತ್ತು ಎಂದು ಸಿಟ್ಟಿನಿಂದ ಬರೆದವರು ಮೂವರಾದರೂ ಇದ್ದಾರೆ. ಹನ್ನೆರಡು ವರ್ಷಗಳಿಂದ ವಾರಕ್ಕೊಮ್ಮೆಯಾದರೂ ಅಲ್ಲಿ ಕೂರುವ ನಾನು ಇದುವರೆಗೆ ಒಂದು ಸಾಲನ್ನೂ ಬರೆದಿರಲಿಲ್ಲ. ಓದಲಿಕ್ಕೆ, ಕೆಲಸಕ್ಕೆ ಎಂದು ಇಂಗ್ಲೆಂಡಿಗೆ ಬರುವ ನಮ್ಮವರು ಇಂಥ ಜಾಗಕ್ಕೆ ಹೋಗಬಹುದೇ, ಹೋದರೆ ಏನು ಮಾಡಬೇಕು ಎಂದು ಕೇಳುತ್ತಲೇ ಇರುತ್ತಾರೆ. ಅವರಿಗಾಗಿ ಇದು. ಪಬ್ಬಿನ ಹೆಸರನ್ನು ಬರೆಯುವುದಿಲ್ಲ, ಒಡತಿ ಬೇಡವೆಂದರು. ಬರ್ಮಿಂಗ್‌ಹ್ಯಾಮ್ ಹತ್ತಿರದ ಈ ಡಡ್ಲಿಗೆ ಬರುವವರಿದ್ದರೆ ಕೇಳಿ, ನಾನೇ ಕರೆದುಕೊಂಡು ಹೋಗುತ್ತೇನೆ.

ಡಡ್ಲಿಯಿಂದ ನೆದರ್ಟನ್ ಕಡೆಗೆ ಇಳಿಯುವ ರಸ್ತೆಯಿಂದ ಎರಡು ತಿರುವು ಒಳಗೆ, ಕೆಂಪು ಇಟ್ಟಿಗೆಯ ಸಾಲುಮನೆಗಳ ತುದಿಯಲ್ಲಿ ಅದು ಇದೆ. ಪಕ್ಕದ ಮನೆಗೂ ಅದಕ್ಕೂ ಇರುವ ವ್ಯತ್ಯಾಸ ಒಂದು ಮಾಸಿದ ಹಲಗೆ ಮಾತ್ರ. ಈ ಸೀಮೆಗೆ ಬ್ಲ್ಯಾಕ್ ಕಂಟ್ರಿ ಎಂದು ಹೆಸರು. ಕಲ್ಲಿದ್ದಲು, ಕಬ್ಬಿಣ, ಸರಪಳಿ, ಮೊಳೆ, ಇವೇ ಇಲ್ಲಿನವರ ಬದುಕಾಗಿದ್ದವು. ಟೈಟಾನಿಕ್ ಹಡಗಿನ ದೊಡ್ಡ ಲಂಗರು 1911ರಲ್ಲಿ ತಯಾರಾದದ್ದು ನೆದರ್ಟನ್ನಿನಲ್ಲೇ. ಹದಿನೈದು ಟನ್ನಿಗೂ ಮೀರಿದ ಅದನ್ನು ಇಪ್ಪತ್ತು ಕುದುರೆಗಳು ಎಳೆದುಕೊಂಡು ಹೋದವು. ದಿನವಿಡೀ ಕುಲುಮೆಯ ಮುಂದೆ ಬೆವರು ಸುರಿಸುವವರಿಗೆ ದಾಹ ತೀರಬೇಕಿತ್ತು, ತಲೆ ತಿರುಗಬಾರದಿತ್ತು. ಅವರ ಬಾಯಿಗೆ ಒಗ್ಗಿದ್ದು ಮೈಲ್ಡ್ ಎಂಬ ಕಡುಗಂದು ಬಣ್ಣದ, ಕಹಿ ಕಡಿಮೆ ಇರುವ, ಶೇಕಡಾ ಮೂರೂವರೆಯಷ್ಟೇ ಮದ್ಯಾಂಶದ ಬಿಯರು. ಇಂಗ್ಲೆಂಡಿನ ಬಹುಪಾಲು ಕಡೆ ಅದು ಹೆಚ್ಚುಕಡಿಮೆ ಮರೆಯಾಗಿದೆ. ಇಲ್ಲಿ ಇನ್ನೂ ದಿನನಿತ್ಯದ ಪಾನೀಯ. ಹುರಿದ ಬಾರ್ಲಿಯ ವಾಸನೆ, ಬೆಲ್ಲದ ಪಾಕ ಸ್ವಲ್ಪ ಸೀದಾಗ ಬರುತ್ತದಲ್ಲ, ಆ ರುಚಿಯ ಎಳೆ.

ಪಬ್ ಹಳೆಯದಾಗಿದೆ, ಮಾಸಿದೆ. ಅದನ್ನು ಬರೆದವರು ಸುಳ್ಳು ಹೇಳಿಲ್ಲ. ಎರಡು ಕೋಣೆ. ಮುಂದಿನದಕ್ಕೆ ಬಾರ್, ಹಿಂದಿನದಕ್ಕೆ ಸ್ಮೋಕ್ ರೂಮ್ ಎಂದೇ ಈಗಲೂ ಕರೆಯುತ್ತಾರೆ. ಪಬ್ಬುಗಳ ಒಳಗೆ ಸಿಗರೇಟು ನಿಂತದ್ದು 2007ರ ಜುಲೈ 1ರಂದು. ಆದರೆ ಅದಕ್ಕೆ ಹಿಂದಿನ ಅಷ್ಟೂ ವರ್ಷಗಳ ಹೊಗೆ ಚಾವಣಿಯ ಮೇಲೆ ಕಷಾಯದ ಬಣ್ಣದಲ್ಲಿ ಹಾಗೇ ಇದೆ. ಕಿಟಕಿಯ ಬಳಿಯ ಬೆಂಚಿನ ಚರ್ಮ ಹರಿದು, ಅದರ ಮೇಲೆ ಅಂಟಿಸಿದ ಪಟ್ಟಿಯೂ ಹರಿದು, ಈಗ ಮೂರನೆಯ ಪದರ ನಡೆಯುತ್ತಿದೆ. ಶೌಚಾಲಯ ಹಿತ್ತಲಿನಲ್ಲಿದೆ, ಜನವರಿಯಲ್ಲಿ ಅಲ್ಲಿಗೆ ಹೋಗುವುದು ಶಿಕ್ಷೆಯೇ ಸರಿ. ಎರಡು ಕಡಿದಾದ ಮೆಟ್ಟಿಲು ಹತ್ತಿಯೇ ಒಳಗೆ ಬರಬೇಕಾದ್ದರಿಂದ ಗಾಲಿಕುರ್ಚಿಯವರಿಗೆ ದಾರಿಯೇ ಇಲ್ಲ. ಇದು ಪುಟ್ಟ ದೋಷವಲ್ಲ. ಒಂದು ಹಲಗೆಯ ಇಳಿಜಾರು ಮಾಡಿಸಿ ಎಂದು ನಾಲ್ಕು ವರ್ಷಗಳಿಂದ ಹೇಳುತ್ತಿದ್ದೇನೆ. ಕಟ್ಟಡ ತನ್ನದಲ್ಲ, ಬಾಡಿಗೆಯದು ಎಂಬುದು ಒಡತಿಯ ಉತ್ತರ. ನನಗೆ ಒಪ್ಪಿಗೆಯಿಲ್ಲ. ಇದೊಂದಕ್ಕೇ ಒಂದು ನಕ್ಷತ್ರ ಕಳೆಯುತ್ತೇನೆ.

ಆದರೆ ಆ ಮಾಸಿದ ಗೋಡೆ ನೋಡಿ ಇಲ್ಲಿ ಯಾರಿಗೂ ಯಾವುದರ ಮೇಲೂ ಗಮನವಿಲ್ಲ ಎಂದುಕೊಂಡರೆ ಅದು ತಪ್ಪು. ಗಮನವೆಲ್ಲ ನೆಲದ ಕೆಳಗಿದೆ.

2015ರಲ್ಲಿ ಒಮ್ಮೆ ಒಡತಿ ನನ್ನನ್ನು ನೆಲಮಾಳಿಗೆಗೆ ಇಳಿಸಿದರು. ನಾನು ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡುವವನು ಎಂದು ತಿಳಿದ ಮೇಲೆ "ನಿನಗೆ ಯೀಸ್ಟ್ ಗೊತ್ತಿರಬೇಕಲ್ಲ, ಬಾ" ಎಂದರು. ಇಲ್ಲಿ ಮಾರುವುದು ಕಾರ್ಖಾನೆಯಲ್ಲಿ ಸೋಸಿ, ಕಾಯಿಸಿ, ಅನಿಲ ತುಂಬಿದ ಬಿಯರಲ್ಲ. ಪೀಪಾಯಿಯೊಳಗೆ ಯೀಸ್ಟ್ ಬದುಕಿಯೇ ಇರುತ್ತದೆ, ಹುದುಗುವುದು ಪಬ್ಬಿಗೆ ಬಂದ ಮೇಲೂ ನಡೆಯುತ್ತದೆ. ನಮ್ಮ ದೋಸೆ ಹಿಟ್ಟಿನ ಹಾಗೆ, ಬಿಸಿಲಿಗೆ ಬೇಗ, ಚಳಿಗೆ ನಿಧಾನ. ಆದ್ದರಿಂದ ನೆಲಮಾಳಿಗೆ ಹನ್ನೊಂದರಿಂದ ಹದಿಮೂರು ಡಿಗ್ರಿಯೊಳಗೆ ಇರಲೇಬೇಕು. ಇಂಗ್ಲೆಂಡಿನಲ್ಲಿ ಬೆಚ್ಚಗಿನ ಬಿಯರು ಕೊಡುತ್ತಾರೆ ಎಂದು ನಮ್ಮವರು ದೂರುವುದು ಇದನ್ನೇ. ಬೆಚ್ಚಗಿಲ್ಲ, ಬಾವಿಯಿಂದ ಆಗ ತಾನೇ ಸೇದಿದ ನೀರಿನಷ್ಟು ತಂಪು.

ಮಲಗಿಸಿದ ಪೀಪಾಯಿಯ ನೆತ್ತಿಯಲ್ಲಿ ಬೆರಳು ಗಾತ್ರದ ಮರದ ಬೆಣೆ ಇತ್ತು. ಅದರ ಸುತ್ತ ನೊರೆ ಗುಳುಗುಳು ಏಳುತ್ತಿತ್ತು. ಒಡತಿ ಅದನ್ನು ಬಟ್ಟೆಯಿಂದ ಒರೆಸಿದರು, ನೊರೆ ಮತ್ತೆ ಎದ್ದಿತು. ಕೈಗಡಿಯಾರ ನೋಡಿಕೊಂಡು ಮತ್ತೆ ಒರೆಸಿದರು. ಒರೆಸಿದ ಮೇಲೆ ನೊರೆ ಮರಳಿ ಬರಲು ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆ ಎಂಬುದರ ಮೇಲೆ ಒಳಗಿನ ಕೆಲಸ ಎಲ್ಲಿಗೆ ಬಂದಿದೆ ಎಂದು ತಿಳಿಯುತ್ತಾರೆ. ನಿಂತಿತೆಂದು ಕಂಡಾಗ ಗಾಳಿಯಾಡುವ ಮೆದು ಬೆಣೆ ತೆಗೆದು ಗಟ್ಟಿ ಬೆಣೆ ಬಡಿಯುತ್ತಾರೆ, ಗಷ್ಟು ತಳಕ್ಕೆ ಇಳಿಯುವವರೆಗೆ ಕಾಯುತ್ತಾರೆ. ಅಲ್ಲಿಯವರೆಗೆ ಒಂದು ತೊಟ್ಟೂ ಮೇಲಕ್ಕೆ ಹೋಗುವುದಿಲ್ಲ. ಮಾರಲು ಶುರುಮಾಡಿದ ಮೇಲೆ ಸುಮಾರು ಮೂರು ದಿನ ಸಮಯ, ಏಕೆಂದರೆ ಮೇಲೆ ಕೈಪಂಪು ಎಳೆದ ಹಾಗೆಲ್ಲ ಪೀಪಾಯಿಯೊಳಗೆ ಗಾಳಿ ಸೇರುತ್ತದೆ, ಬಿಯರು ಹುಳಿಯತೊಡಗುತ್ತದೆ. ಒಂದು ಸಾಮಾನ್ಯ ಪೀಪಾಯಿಯಲ್ಲಿ 72 ಪಿಂಟ್, ಅಂದರೆ ಅರ್ಧ ಲೀಟರಿಗೆ ತುಸು ಮೀರಿದ 72 ಲೋಟ. ಮೂರು ದಿನದಲ್ಲಿ ಅಷ್ಟೂ ಖರ್ಚಾಗದಿದ್ದರೆ ಉಳಿದದ್ದು ಮೋರಿಗೆ. ಗಿರಾಕಿ ಕಡಿಮೆಯಾದರೆ ಇಂಥ ಪಬ್ಬಿನ ಬಿಯರೂ ಕೆಡುತ್ತದೆ, ಬಿಯರು ಕೆಟ್ಟರೆ ಇದ್ದ ಗಿರಾಕಿಯೂ ಹೋಗುತ್ತಾನೆ. ಬೀದಿಯ ಪಬ್ಬುಗಳು ಒಂದೊಂದಾಗಿ ಮುಚ್ಚುವುದರ ಹಿಂದೆ ಬಾಡಿಗೆ, ವಿದ್ಯುತ್ ಬಿಲ್ಲು, ಶೇಕಡಾ 20ರ ತೆರಿಗೆಯ ಜೊತೆಗೆ ಈ ಲೆಕ್ಕವೂ ಇದೆ.

2022ರ ಜುಲೈ 19ರಂದು ಈ ದೇಶದಲ್ಲಿ ಮೊದಲ ಬಾರಿಗೆ ಉಷ್ಣತೆ 40 ಡಿಗ್ರಿ ದಾಟಿತು. ಅಂದು ನೆಲಮಾಳಿಗೆಯ ತಂಪು ಯಂತ್ರ ಕೈಕೊಟ್ಟಿತು. ಮರುದಿನ ದಾಹಗೊಂಡ ಜನ ಬಾಗಿಲವರೆಗೂ ನಿಂತಿದ್ದರು. ಒಡತಿ ಕೈಪಂಪುಗಳ ಮೇಲೆ ಒಂದೊಂದು ಲೋಟ ಬೋರಲು ಹಾಕಿ, ಇವತ್ತು ಸೀಸೆಯದು ಮಾತ್ರ ಎಂದರು. ಆ ವಾರ ಎರಡು ಪೀಪಾಯಿ ಚೆಲ್ಲಿದರು. ಹನ್ನೆರಡು ವರ್ಷಗಳಲ್ಲಿ ನನಗೆ ಹುಳಿ ಬಿಯರು ಸಿಕ್ಕಿದ್ದು ಎರಡೇ ಸಲ, ಎರಡೂ ಸಲ ಮಾತಿಲ್ಲದೆ ಬದಲಾಯಿಸಿ ಕೊಟ್ಟರು.

ಸಸ್ಯಾಹಾರಿಗಳು ಒಂದು ಸಂಗತಿ ತಿಳಿದಿರಬೇಕು, ಯಾರೂ ಬರೆಯದ ಕಾರಣ ನಾನು ಬರೆಯುತ್ತೇನೆ. ಪೀಪಾಯಿಯ ಬಿಯರು ತಿಳಿಯಾಗಲು ಬಹಳ ಕಡೆ ಐಸಿಂಗ್ಲಾಸ್ ಎಂಬುದನ್ನು ಬೆರೆಸುತ್ತಾರೆ, ಅದು ಒಣಗಿಸಿದ ಮೀನಿನ ಗಾಳಿಚೀಲದಿಂದ ಬರುತ್ತದೆ. ಗಷ್ಟಿನ ಜೊತೆ ತಳ ಸೇರುತ್ತದೆ ಎನ್ನುವುದು ನಿಜ, ಆದರೆ ಸೇರಿಸುವುದೂ ನಿಜ. ನನಗಿದು ಗೊತ್ತಾಗುವ ಹೊತ್ತಿಗೆ ಮೂರು ವರ್ಷ ಕುಡಿದಾಗಿತ್ತು. ಕೇಳಿದರೆ ಯಾವುದರಲ್ಲಿ ಬೆರೆಸಿಲ್ಲ ಎಂದು ಹೇಳುತ್ತಾರೆ. ತಿನ್ನಲು ನಮಗೆ ಸಿಗುವುದು ಒಂದೇ, ಚೀಸ್ ಮತ್ತು ಈರುಳ್ಳಿಯ ಕಾಬ್. ಗಟ್ಟಿ ಮೈಯ ದುಂಡು ಬನ್ನಿನ ನಡುವೆ ಹೆಬ್ಬೆರಳು ದಪ್ಪದ ಚೀಸ್, ಹಸಿ ಈರುಳ್ಳಿಯ ಬಿಲ್ಲೆ. ಅದನ್ನು ಕೊಡುವ ಇಕ್ಕಳದಿಂದಲೇ ಹಂದಿಯ ಹುರಿದ ಚರ್ಮವನ್ನೂ ತೆಗೆಯುತ್ತಿದ್ದರು. ಒಮ್ಮೆ ಹೇಳಿದ ಮೇಲೆ ನನ್ನದಕ್ಕೆ ಬೇರೆ ಇಕ್ಕಳ ಬಂದಿತು, ಇವತ್ತಿಗೂ ಮರೆತಿಲ್ಲ.

ಎಲ್ಲರೂ ತಿರುಗಿ ನೋಡುತ್ತಾರೆ ಎಂಬ ದೂರಿಗೆ ಬರುತ್ತೇನೆ. ಹೌದು, ನೋಡುತ್ತಾರೆ. ನಮ್ಮ ತಿಪಟೂರಿನ ಕಡೆಯ ಹಳ್ಳಿಯಲ್ಲಿ ಬಸ್ಸಿಳಿದ ಹೊಸಬರನ್ನು ನಾವು ನೋಡುವುದಿಲ್ಲವೇ? ಆದರೆ ಇದನ್ನು ಹಗುರಾಗಿ ತಳ್ಳಿಹಾಕಲಾರೆ, ಏಕೆಂದರೆ ನಮ್ಮ ಬಣ್ಣದವರನ್ನು ನೋಡುವ ನೋಟಕ್ಕೆ ಈ ಸೀಮೆಯಲ್ಲಿ ಕಹಿ ಚರಿತ್ರೆಯಿದೆ. 1960ರ ದಶಕದಲ್ಲಿ ಹತ್ತಿರದ ಸ್ಮೆದಿಕ್‌ನ ಪಬ್ಬುಗಳಲ್ಲಿ ಭಾರತೀಯರಿಗೆ, ಕಪ್ಪು ಜನರಿಗೆ ಒಳಕೋಣೆಯಲ್ಲಿ ಕೊಡುವುದಿಲ್ಲ ಎನ್ನುತ್ತಿದ್ದರು. ಇಂಡಿಯನ್ ವರ್ಕರ್ಸ್ ಅಸೋಸಿಯೇಷನ್ ಎಂಬ ಭಾರತೀಯ ಕೆಲಸಗಾರರ ಸಂಘ ಅದರ ವಿರುದ್ಧ ನಿಂತಿತು. 1965ರ ಫೆಬ್ರವರಿ 12ರಂದು ಅಮೆರಿಕದ ಕಪ್ಪು ಜನರ ಹೋರಾಟದ ನಾಯಕ ಮಾಲ್ಕಮ್ ಎಕ್ಸ್ ಸ್ವತಃ ಅಲ್ಲಿಗೆ ಬಂದು ನೋಡಿದರು. ಅದೇ ವರ್ಷ ಬಂದ ಜನಾಂಗ ಸಂಬಂಧ ಕಾಯ್ದೆ ಸಾರ್ವಜನಿಕ ಜಾಗಗಳಲ್ಲಿ ಇಂಥ ಭೇದವನ್ನು ನಿಷೇಧಿಸಿತು. ಮುಂದೆ ಪಂಜಾಬಿಗಳೇ ಇಲ್ಲಿ ಎಷ್ಟೋ ಪಬ್ಬುಗಳನ್ನು ಕೊಂಡು ಉಳಿಸಿದರು, ಅವುಗಳನ್ನು ಈಗ ದೇಸಿ ಪಬ್ ಎನ್ನುತ್ತಾರೆ.

ನನಗೂ ಒಂದು ರಾತ್ರಿ ಕೆಟ್ಟದಾಯಿತು. 2016ರ ಜೂನ್, ಜನಮತಗಣನೆಯ ವಾರ. ಡಡ್ಲಿಯಲ್ಲಿ ನೂರಕ್ಕೆ 67ಕ್ಕೂ ಹೆಚ್ಚು ಮತ ಯುರೋಪಿಯನ್ ಒಕ್ಕೂಟದಿಂದ ಹೊರಬರಲು ಬಿದ್ದಿತ್ತು. ಬಾರಿನ ಮುಂದೆ ನಿಂತಿದ್ದ ಒಬ್ಬ, ಇನ್ನು ಗಂಟುಮೂಟೆ ಕಟ್ಟಿಕೋ ಎಂದು ನನ್ನ ಮುಖ ನೋಡಿಯೇ ಹೇಳಿದ. ಯಾರೂ ಮಾತನಾಡಲಿಲ್ಲ, ಒಡತಿಯೂ. ಅರ್ಧ ಲೋಟ ಬಿಟ್ಟು ಎದ್ದು ಬಂದೆ, ಆರು ವಾರ ಆ ಬೀದಿಗೇ ಹೋಗಲಿಲ್ಲ. ಒಂದು ಭಾನುವಾರ ಅಂಗಡಿಯ ಮುಂದೆ ಒಡತಿ ಸಿಕ್ಕಿದರು. "ಅವತ್ತು ನಾನು ಬಾಯಿ ತೆರೆಯಬೇಕಿತ್ತು, ತೆರೆಯಲಿಲ್ಲ. ಮರುದಿನ ಅವನಿಗೆ ಇನ್ನು ಬರಬೇಡ ಎಂದೆ. ನಿನಗೆ ಹೇಳಲು ನಿನ್ನ ಮನೆ ಗೊತ್ತಿರಲಿಲ್ಲ" ಎಂದರು. ಆ ಮೌನ ನನಗೆ ಇನ್ನೂ ನೆನಪಿದೆ, ಕ್ಷಮೆ ಕೇಳಿದ್ದೂ ನೆನಪಿದೆ. ಅದಾದ ಮೇಲೆ ಅವನನ್ನು ಅಲ್ಲಿ ಕಂಡಿಲ್ಲ.

ಇಲ್ಲಿನ ಹಳಬರ ಇಂಗ್ಲಿಷಿನಲ್ಲಿ ನೀನು, ನೀವು ಎಂಬ ಭೇದದ ಒಂದು ತುಣುಕು ಇನ್ನೂ ಉಳಿದಿದೆ. ಪರಿಚಯವಷ್ಟೇ ಇದ್ದರೆ "ಔ ಬಿನ್ ಯಾ" ಎಂದು ಯೋಗಕ್ಷೇಮ ಕೇಳುತ್ತಾರೆ, ತಮ್ಮವನಾದರೆ "ಔ ಬಿಸ್ಟ್". ಆ ಬಿಸ್ಟ್ ಎಂಬುದು ಉಳಿದ ಇಂಗ್ಲಿಷಿನವರು ಬಿಟ್ಟುಕೊಟ್ಟ ಹಳೆಯ ಏಕವಚನ. ಬಹುವಚನದಲ್ಲೇ ಬೆಳೆದು, ಸಲುಗೆಯವರ ಬಾಯಲ್ಲಿ ಮಾತ್ರ ಏಕವಚನ ಕೇಳಿಸಿಕೊಂಡ ನಮಗೆ ಇದು ಕೂಡಲೇ ಅರ್ಥವಾಗುತ್ತದೆ. ಡಾಮಿನೋ ಆಡುವ ಅಜ್ಜ ನನಗೆ ಮೊದಲ ಸಲ "ಔ ಬಿಸ್ಟ್" ಎಂದದ್ದು ಐದನೆಯ ವರ್ಷ. ಮನೆಗೆ ಬಂದು ಹೆಂಡತಿಗೆ ಹೇಳಿದೆ.

2018ರಲ್ಲಿ ಅಪ್ಪ ಬಂದಿದ್ದರು. ನಿವೃತ್ತ ಮೇಷ್ಟ್ರು, ಜೀವನದಲ್ಲಿ ಬಾರಿನ ಹೊಸಿಲು ತುಳಿದವರಲ್ಲ. ಬಾರೆಂದರೆ ಅವರ ಕಣ್ಣಿಗೆ ಪರದೆ ಎಳೆದ ಕತ್ತಲೆ, ಹೊರಗೆ ಬಿದ್ದವರು. ಹೊರಗೆ ಮಳೆ ಹಿಡಿದದ್ದರಿಂದ ಮಾತ್ರ ಒಳಗೆ ಬಂದರು. ಪಟ್ಟಿಯಲ್ಲಿ ಚಹಾ ಇಲ್ಲ. ಒಡತಿ ಮಹಡಿಯ ಮೇಲಿನ ತಮ್ಮ ಅಡುಗೆಮನೆಗೆ ಹೋಗಿ ಮಾಡಿ ತಂದರು, ದುಡ್ಡು ಮುಟ್ಟಲಿಲ್ಲ. ಅಪ್ಪ ಕಲ್ಲಿದ್ದಲ ಒಲೆಯ ಪಕ್ಕ ಕುಳಿತರು, ಯಾರದೋ ಮುದಿ ನಾಯಿ ಅವರ ಚಪ್ಪಲಿಯ ಮೇಲೆ ತಲೆಯಿಟ್ಟು ಮಲಗಿತು. ವಾಪಸು ನಡೆಯುವಾಗ ಬಹಳ ಹೊತ್ತು ಸುಮ್ಮನಿದ್ದು ಕಡೆಗೆ ಒಂದು ಮಾತು ಹೇಳಿದರು: "ಎರಡು ಗಂಟೆ ಕೂತಿದ್ದೆವಲ್ಲೋ, ಒಬ್ಬರೂ ಇನ್ನೇನು ಬೇಕು ಅನ್ನಲಿಲ್ಲ."

2023ರ ಆಗಸ್ಟ್ 5ರ ರಾತ್ರಿ ಇಲ್ಲಿಂದ ಕೆಲವೇ ಮೈಲಿ ದೂರದ ಹಿಮ್ಲಿಯ ಕ್ರುಕೆಡ್ ಹೌಸ್ ಎಂಬ ಪಬ್ ಸುಟ್ಟುಹೋಯಿತು. 1765ರ ಕಟ್ಟಡ. ಕೆಳಗಿನ ಗಣಿಯಿಂದ ನೆಲ ಕುಸಿದು ಒಂದು ಬದಿಗೆ ವಾಲಿ ನಿಂತಿತ್ತು, ಮೇಜಿನ ಮೇಲೆ ಗೋಲಿ ಬಿಟ್ಟರೆ ಏರಿನ ಕಡೆಗೆ ಉರುಳಿದಂತೆ ಕಾಣುತ್ತಿತ್ತು. ಬೆಂಕಿ ಬಿದ್ದ ಎರಡೇ ದಿನಕ್ಕೆ ಉಳಿದ ಗೋಡೆಯನ್ನೂ ಕೆಡವಿದರು. ಮುಂದಿನ ಫೆಬ್ರವರಿಯಲ್ಲಿ ಸ್ಥಳೀಯ ಆಡಳಿತ ಇದ್ದ ಹಾಗೆಯೇ ಮತ್ತೆ ಕಟ್ಟಬೇಕೆಂದು ಆದೇಶಿಸಿತು. ಬೆಂಕಿ ಬಿದ್ದ ಮುಂದಿನ ಬುಧವಾರ ನಮ್ಮ ಪಬ್ಬಿನಲ್ಲಿ ಡಾಮಿನೋ ಪೆಟ್ಟಿಗೆ ತೆರೆಯಲಿಲ್ಲ. ಚಾವಣಿಗೆ ಬಣ್ಣ ಹೊಡೆಸಿ ಎಂದು ವರ್ಷಗಳಿಂದ ಗೊಣಗುತ್ತಿದ್ದವರು ಕೂಡ ಸುಮ್ಮನೆ ಮೇಲೆ ನೋಡುತ್ತ ಕುಳಿತಿದ್ದರು.

ಹೋಗುವವರಿಗೆ ಕೆಲವು ಮಾತು. ಸೋಮವಾರ, ಮಂಗಳವಾರ ರಜೆ. ಬುಧವಾರ ಸಂಜೆ ಹೊಸ ಪೀಪಾಯಿ ತೆರೆಯುವ ದಿನ, ಹೋದರೆ ಅಂದು ಹೋಗಿ. ಕೂತಲ್ಲಿಗೆ ಯಾರೂ ತಂದುಕೊಡುವುದಿಲ್ಲ, ಬಾರಿನ ಕಟ್ಟೆಯ ಬಳಿ ನೀವೇ ಹೋಗಿ ಕೇಳಬೇಕು. ಸಾಲು ಕಾಣದಿದ್ದರೂ ಸರದಿ ಇರುತ್ತದೆ, ನಿಮಗಿಂತ ಮುಂಚೆ ಬಂದವರು ಯಾರೆಂದು ನೋಡಿಕೊಳ್ಳಿ. ಟಿಪ್ಸ್ ಇಡುವ ರೂಢಿಯಿಲ್ಲ. ಮನಸ್ಸಿದ್ದರೆ ದುಡ್ಡು ಕೊಡುವಾಗ "ನಿಮಗೂ ಒಂದು" ಎಂದರೆ ಸಾಕು. ಯಾರಾದರೂ ನಿಮಗೆ ಕೊಡಿಸಿದರೆ ಮುಂದಿನ ಸುತ್ತು ನಿಮ್ಮದು, ಅದನ್ನು ತಪ್ಪಿಸಿಕೊಂಡವರನ್ನು ಇಲ್ಲಿ ವರ್ಷಗಟ್ಟಲೆ ನೆನಪಿಟ್ಟುಕೊಳ್ಳುತ್ತಾರೆ. ಒಂದು ಪಿಂಟ್ ಎಂದರೆ 568 ಮಿಲಿಲೀಟರ್, ಅರ್ಧ ಕೇಳಿದರೆ ಅವಮಾನವೇನಿಲ್ಲ. ನಾನು ಎರಡು ಪಿಂಟಿಗೆ ನಿಲ್ಲಿಸುತ್ತೇನೆ. 2012ರಲ್ಲಿ ಎರಡೂವರೆ ಪೌಂಡಿಗೂ ಕಡಿಮೆಯಿದ್ದ ಮೈಲ್ಡ್ ಈಗ ನಾಲ್ಕರ ಹತ್ತಿರ ಬಂದಿದೆ. ಗಂಟೆ ಬಾರಿಸಿದರೆ ಕಡೆಯ ಲೋಟ ಕೇಳುವ ಹೊತ್ತಾಯಿತು ಎಂದರ್ಥ. ಮಕ್ಕಳೊಂದಿಗೆ ಊಟಕ್ಕೆ ಹೋಗುವ ಜಾಗ ಇದಲ್ಲ, ಕ್ರಿಕೆಟ್ ನೋಡಲು ದೊಡ್ಡ ಪರದೆಯೂ ಇಲ್ಲ.

ಇನ್ನು ಶನಿವಾರ ಮುಚ್ಚಿತ್ತು ಎಂದು ಬರೆದ ಆ ಮೂವರಿಗೆ: ಅದು ಮುಚ್ಚಿರಲಿಲ್ಲ. ಮಳೆ ಬಂದರೆ ಆ ಮರದ ಬಾಗಿಲು ಉಬ್ಬಿ ಚೌಕಟ್ಟಿಗೆ ಕಚ್ಚಿಕೊಳ್ಳುತ್ತದೆ, ಒಳಗಿನ ಪರದೆಯಿಂದ ದೀಪವೂ ಕಾಣುವುದಿಲ್ಲ. ಹಿಡಿ ತಿರುಗಿಸಿ, ಕೆಳಗಡೆ ಕಾಲಿನಿಂದ ಒತ್ತಿ ಹಿಡಿದು, ಭುಜ ಕೊಟ್ಟು ತಳ್ಳಿ.