ಗಿಡ್ಡ ಕಾರಿಗೆ ಗಿಡ್ಡ ಜ್ಯಾಕೇ ಸರಿ

ನನ್ನ ಹಳೇ ಮಿಯಾಟಾ (ಮಜ್ದಾದ ಪುಟ್ಟ ಸ್ಪೋರ್ಟ್ಸ್ ಕಾರು) ಎಷ್ಟು ಗಿಡ್ಡ ಅಂದ್ರೆ, ಚಕ್ರದ ಮೇಲೆ ಉರುಳುವ ಮಾಮೂಲಿ ಫ್ಲೋರ್ ಜ್ಯಾಕ್‌ನ ಮೂತಿ ಬಂಪರ್ ಕೆಳಗೆ ತೂರುವುದೇ ಇಲ್ಲ. ಈ ಲೋ ಪ್ರೊಫೈಲ್ ಅಲ್ಯೂಮಿನಿಯಂ ಜ್ಯಾಕ್ ಇಳಿಸಿದಾಗ ಬರೀ 3.5 ಇಂಚು ಎತ್ತರ. ಸಲೀಸಾಗಿ ಒಳಗೆ ಹೋಗುತ್ತದೆ. ಆದರೆ ಜ್ಯಾಕ್ ಕೊಡಬೇಕಾದ ಮುಂದಿನ ಕ್ರಾಸ್‌ಮೆಂಬರ್ (ಕಾರಿನಡಿಯ ಅಡ್ಡ ತೊಲೆ) ತುಂಬಾ ಒಳಗಿದೆ, ಹಿಡಿ ಆಡಿಸಲು ಜಾಗ ಸಾಲದು. ಅದಕ್ಕೇ ಮುಂದಿನ ಚಕ್ರಗಳನ್ನು ಮೊದಲು ದಪ್ಪ ಹಲಗೆ ಮೇಲೆ ಹತ್ತಿಸುತ್ತೇನೆ.

ಹಿಂಭಾಗಕ್ಕೆ ಡಿಫರೆನ್ಷಿಯಲ್ (ಹಿಂದಿನ ಚಕ್ರಗಳ ನಡುವಿನ ಗೇರ್ ಗೂಡು) ಕೆಳಗೆ ಜ್ಯಾಕ್ ಕೊಟ್ಟರಾಯಿತು. ಒಂದು ಮಾತು: ಈ ಕಾರಿನ ಹ್ಯಾಂಡ್‌ಬ್ರೇಕ್ ಹಿಂದಿನ ಚಕ್ರಗಳನ್ನು ಮಾತ್ರ ಹಿಡಿಯುತ್ತದೆ. ಅವು ಗಾಳಿಗೆ ಎದ್ದ ಮೇಲೆ ಅದನ್ನು ಎಳೆದರೂ ಒಂದೇ, ಬಿಟ್ಟರೂ ಒಂದೇ. ಮುಂದಿನ ಚಕ್ರಗಳಿಗೆ ಎರಡೂ ಕಡೆ ಅಡ್ಡಗಟ್ಟೆ ಕೊಡಲೇಬೇಕು.

ಎತ್ತುವಾಗ ಜ್ಯಾಕ್ ತಾನೂ ಸ್ವಲ್ಪ ಉರುಳಬೇಕು. ಮಣ್ಣು, ಜಲ್ಲಿ ಮೇಲೆ ಇಡಬೇಡಿ, ಗಟ್ಟಿ ಕಾಂಕ್ರೀಟ್ ನೆಲ ಬೇಕು. ಇಳಿಸುವ ವಾಲ್ವ್ ಮಾತ್ರ ನನಗೆ ಹಿಡಿಸಲಿಲ್ಲ. ಕೂದಲೆಳೆಯಷ್ಟು ಜಾಸ್ತಿ ತಿರುಗಿದರೂ ಕಾರು ದಡಕ್ಕನೆ ಕೂರುತ್ತದೆ.

ಎತ್ತಿದ ಕಾರನ್ನು ಹೊತ್ತು ನಿಲ್ಲುವ ಸ್ಟ್ಯಾಂಡ್‌ಗಳನ್ನು ಪಿನ್ ಹಾಕುವ ಥರದ್ದೇ ಕೊಂಡೆ. 2020ರಲ್ಲಿ ಅಮೆರಿಕದಲ್ಲಿ, ಪಿನ್ ಬದಲು ಹಲ್ಲು ಕಚ್ಚಿ ನಿಲ್ಲುವ ಕೆಲವು ಸ್ಟ್ಯಾಂಡ್‌ಗಳನ್ನು ವಾಪಸ್ ಕರೆಸಿಕೊಂಡಿದ್ದು ನೆನಪಿದೆ ಅಲ್ವಾ? ಹಲ್ಲು ಸರಿಯಾಗಿ ಕಚ್ಚದೆ ಜಾರುವ ಅಪಾಯವಿತ್ತು. ಸ್ಟ್ಯಾಂಡ್ ಮೇಲೆ ರಬ್ಬರ್ ಪ್ಯಾಡ್ ಹಾಕಿದರೆ ಸಿಲ್ (ಕಾರಿನ ಬಾಗಿಲ ಕೆಳಗಿನ ಪಟ್ಟಿ) ಅಂಚು ಮಡಚಿಕೊಳ್ಳುವುದಿಲ್ಲ. ಪ್ಯಾಡ್ ಬೇರೆ ಕೊಳ್ಳಬೇಕು, ಅದೊಂದು ಜಿಪುಣತನ. ಐದಕ್ಕೆ ನಾಲ್ಕು ಸ್ಟಾರ್.